ಮೊದಲು ಹುಡುಕಿದ್ದು, ಕೊನೆಗೆ ಸಿಕ್ಕಿದ್ದು

ಪರೀಕ್ಷೆಯ ಕಾಲ ಬಂದರೆ ನನ್ನ ವಿದ್ಯಾರ್ಥಿಗಳ ಬಾಯಲ್ಲಿ ‘ಒತ್ತಡ’ವಲ್ಲದೆ ಬೇರೆ ಮಾತಿಲ್ಲ. ಆದರೆ 1936ರಲ್ಲಿ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪುಟ್ಟ ಟಿಪ್ಪಣಿಯಲ್ಲಿ ಆ ಪದವೇ ಇರಲಿಲ್ಲ. ಕೆನಡದ ಮಾಂಟ್ರಿಯಲ್‌ನಲ್ಲಿ ಈತ ಇಲಿಗಳನ್ನು ಚಳಿಗೆ ಒಡ್ಡಿದ, ಗಾಯಪಡಿಸಿದ, ಮಿತಿಮೀರಿ ದಣಿಸಿದ, ವಿಷಮದ್ದು ಕೊಟ್ಟ. ಕಾರಣಗಳು ಹಲವು, ಫಲ ಮಾತ್ರ ಒಂದೇ: ಅಡ್ರಿನಲ್ ಗ್ರಂಥಿ ದಪ್ಪಗಾಯಿತು, ಥೈಮಸ್ ಗ್ರಂಥಿ ಕುಗ್ಗಿತು, ಜಠರದಲ್ಲಿ ಹುಣ್ಣೆದ್ದಿತು. ಕೇಡಿಗೆ ಹೊಂದಿಕೊಳ್ಳಲು ದೇಹ ನಡೆಸುವ ಹೋರಾಟವಿದು ಎಂದು ಆತ ಬಗೆದ. ‘ಸ್ಟ್ರೆಸ್’ ಎಂಬ ಹೆಸರು ಬಂದದ್ದು ಆಮೇಲೆ. ಇಂಗ್ಲಿಷು ಇನ್ನಷ್ಟು ಕರಗತವಾಗಿದ್ದರೆ ‘ಸ್ಟ್ರೇನ್’ ಎನ್ನುತ್ತಿದ್ದೆನೆಂದು ಮುಂದೆ ಆತನೇ ಹೇಳಿಕೊಂಡದ್ದುಂಟು. ಹೊರೆಗೊಂದು ಹೆಸರು, ಹೊತ್ತವನ ಬಳಲಿಕೆಗೊಂದು ಹೆಸರು ಬೇಕಷ್ಟೆ? ನಮ್ಮ ‘ಒತ್ತಡ’ವೂ ಆ ಗೊಂದಲವನ್ನೇ ಬಳುವಳಿಯಾಗಿ ಪಡೆದಿದೆ.

ಅಡ್ರಿನಲ್ಲಿಗೆ ಅಪ್ಪಣೆ ಕೊಡುವುದು ಪಿಟ್ಯುಟರಿ ಗ್ರಂಥಿ. ಪಿಟ್ಯುಟರಿಗೆ ಅಪ್ಪಣೆ ಕೊಡುವವರಾರು? ಮಿದುಳಿಗೂ ಅದರ ಮುಂಭಾಗಕ್ಕೂ ನಡುವೆ ಇರುವುದು ಕೂದಲೆಳೆಯಂಥ ರಕ್ತನಾಳಗಳು. ಮಿದುಳು ಆ ದಾರಿಯಲ್ಲಿಯೇ ಯಾವುದೋ ರಾಸಾಯನಿಕ ದೂತನನ್ನು ಕಳುಹಿಸುತ್ತದೆಂದು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ವಾದಿಸಿದ. 1955ರಲ್ಲಿ ದೂತನ ಸುಳಿವು ಎರಡು ಕಡೆ ಸಿಕ್ಕಿತು: ಹ್ಯೂಸ್ಟನ್ನಿನಲ್ಲಿ ಸೆಲ್ಯೆಯ ಶಿಷ್ಯ ರೋಜೆ ಗಿಯೆಮೆನ್‌ಗೆ, ಮಾಂಟ್ರಿಯಲ್ಲಿನಲ್ಲಿ ಸ್ಯಾಫ್ರನ್ ಮತ್ತು ಆಂಡ್ರ್ಯೂ ಶ್ಯಾಲಿಗೆ. ದೂತನಿಗೆ ಸಿ.ಆರ್.ಎಫ್. ಎಂದು ಹೆಸರಾಯಿತು, ಆಸಾಮಿ ಮಾತ್ರ ಕೈಗೆ ಸಿಗಲಿಲ್ಲ.

ಗಿಯೆಮೆನ್ ಮತ್ತು ಶ್ಯಾಲಿ ಕೆಲವು ವರ್ಷ ಜೊತೆಗೂಡಿ ದುಡಿದರು, ಸೋತರು, ಬೇರೆಯಾದರು, ಬದ್ಧಸ್ಪರ್ಧಿಗಳಾದರು. ಕಸಾಯಿಖಾನೆಗಳಿಂದ ಒಬ್ಬರು ಕುರಿಗಳ, ಇನ್ನೊಬ್ಬರು ಹಂದಿಗಳ ಮಿದುಳಿನ ಚೂರುಗಳನ್ನು ಲಕ್ಷಗಟ್ಟಲೆ ತರಿಸಿದರು. 1969ರಲ್ಲಿ ಇಬ್ಬರಿಗೂ ಸಿಕ್ಕಿದ್ದು ಥೈರಾಯ್ಡಿಗೆ ಸಂಬಂಧಿಸಿದ ಬೇರೊಬ್ಬ ದೂತ. ಮೂರೇ ಅಮೈನೋ ಆಮ್ಲಗಳ ಪುಟ್ಟ ಸರ. 1977ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಹೊರಟದ್ದು ಒಂದಕ್ಕೆ, ಬಹುಮಾನ ಇನ್ನೊಂದಕ್ಕೆ! ಸಿ.ಆರ್.ಎಫ್. ಸೆರೆಯಾದದ್ದು 1981ರಲ್ಲಿ, ಗಿಯೆಮೆನ್‌ನ ಪ್ರಯೋಗಶಾಲೆಯಲ್ಲಿ ಪಳಗಿದ ವೈಲಿ ವೇಲ್ ಮತ್ತು ಸಂಗಡಿಗರ ಕೈಗೆ, ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯಲ್ಲಿ. ಅದರ ಸರದಲ್ಲಿ 41 ಅಮೈನೋ ಆಮ್ಲಗಳು. ಇದಕ್ಕೆ ಒದಗಿದ ಕುರಿಗಳು ಸುಮಾರು 4,90,000. ಮಾಂಸಕ್ಕೆಂದೇ ಕಡಿದವು, ನಿಜ. ಆದರೂ ಆ ಸಂಖ್ಯೆಯ ಮುಂದೆ ನನ್ನ ಮನಸ್ಸು ಒಂದು ಗಳಿಗೆ ನಿಂತುಬಿಡುತ್ತದೆ.

ಪ್ರಾಣಿ ಬೆದರಿದೊಡನೆ ಮಿದುಳಿನ ತಳದಲ್ಲಿ ಈ ವಸ್ತು ಒಸರುತ್ತದೆ; ಪಿಟ್ಯುಟರಿಗೆ ಎಚ್ಚರ, ಅಡ್ರಿನಲ್ಲಿಗೆ ಅಪ್ಪಣೆ, ರಕ್ತಕ್ಕೆ ಕಾರ್ಟಿಸಾಲಿನಂಥ ರಸ; ಓಡುವುದಕ್ಕೂ ಕಾದಾಡುವುದಕ್ಕೂ ಬೇಕಾದ ಸಕ್ಕರೆ ಸಿದ್ಧ. ಆ ರಸವೇ ಮಿದುಳಿಗೆ ಮರಳಿ, ಇನ್ನು ಸಾಕೆಂದು ಕಡಿವಾಣ ಹಾಕುತ್ತದೆ. ಕಡಿವಾಣ ಸಡಿಲಿದರೆ ಮದ್ದೇ ರೋಗವಾಗುತ್ತದೆ. ಸೆಲ್ಯೆಯ ಇಲಿಗಳ ಜಠರದಲ್ಲಿ ಕಂಡದ್ದು ಹೋರಾಟಕ್ಕೆ ತೆತ್ತ ಅಂಥ ಬೆಲೆಯನ್ನೇ.

ಈ ದೂತನ ಹತ್ತಿರದ ನೆಂಟರು ಮೀನುಗಳಲ್ಲಿಯೂ ಕಪ್ಪೆಗಳಲ್ಲಿಯೂ ಇದ್ದಾರೆ. ರಾಬರ್ಟ್ ಡೆನ್ವರ್ 1997ರಲ್ಲಿ ಪ್ರಕಟಿಸಿದ ಸಂಗತಿ ನನಗೆ ಇಡೀ ಕಥೆಯಲ್ಲಿಯೇ ಪ್ರಿಯವಾದದ್ದು. ಅಮೆರಿಕದ ಪಶ್ಚಿಮಭಾಗದ ಒಂದು ಜಾತಿಯ ಕಪ್ಪೆ ಮಳೆಯ ಹೊಂಡಗಳಲ್ಲಿ ಮೊಟ್ಟೆಯಿಡುತ್ತದೆ. ಹೊಂಡ ಬತ್ತತೊಡಗಿದರೆ ಗೊದಮೊಟ್ಟೆಯ ಮಿದುಳಿನಲ್ಲಿ ಸಿ.ಆರ್.ಎಫ್. ಏರುತ್ತದೆ. ಕಾಲುಗಳು ಅವಸರದಿಂದ ಮೂಡುತ್ತವೆ, ಬಾಲ ಕರಗುತ್ತದೆ. ಹೊಂಡ ಒಣಗುವ ಮುನ್ನವೇ, ಮೈ ತುಂಬದ ಒಂದು ಕಿರುಗಪ್ಪೆ ದಡಕ್ಕೆ ಕುಪ್ಪಳಿಸುತ್ತದೆ.