ಮಾನಿಯ ಪೆಟ್ಟಿಗೆ, ಜಕ್ಕಮ್ಮನ ಕನ್ನಡಿ

1623ರ ಫೆಬ್ರುವರಿಯಲ್ಲಿ ಸೂರತ್ ಬಂದರಿಗೆ ಬಂದ ‘ವೇಲ್’ ಎಂಬ ಇಂಗ್ಲಿಷ್ ಹಡಗಿನಲ್ಲಿ ರೋಮ್ ನಗರದ ಸಿರಿವಂತ ಮನೆತನದ ಒಬ್ಬ ಪ್ರವಾಸಿ ಇದ್ದ. ಹೆಸರು ಪಿಯೆತ್ರೊ ಡೆಲ್ಲಾ ವಲ್ಲೆ, ವಯಸ್ಸು ಮೂವತ್ತಾರು. ಅವನ ಸಾಮಾನಿನ ನಡುವೆ ಒಂದು ದೊಡ್ಡ ಪೆಟ್ಟಿಗೆ. ತೆರೆದು ನೋಡಿದವರಿಗೆ ಕಾಣುತ್ತಿದ್ದದ್ದು ಹೆಂಗಸಿನ ಬಟ್ಟೆಬರೆ. ಅದರಡಿಯಲ್ಲಿ ಇನ್ನೊಂದು ಪೆಟ್ಟಿಗೆ, ಅದರೊಳಗೆ ಕರ್ಪೂರ ತುಂಬಿ ಕೆಡದಂತೆ ಇಟ್ಟ ಅವನ ಹೆಂಡತಿಯ ದೇಹ. ಹೆಣ ಹೊತ್ತ ಹಡಗಿಗೆ ಕೇಡು ತಪ್ಪದೆಂದು ನಾವಿಕರು ನಂಬಿದ್ದ ಕಾಲ. ಗೊತ್ತಾಗಿದ್ದರೆ ಪೆಟ್ಟಿಗೆ ಸಮುದ್ರದ ಪಾಲಾಗುತ್ತಿತ್ತು. ಆದ್ದರಿಂದ ಗಂಡ ಗುಟ್ಟು ಬಿಡಲಿಲ್ಲ. ಹೀಗೆ ಗಂಡಹೆಂಡಿರು ನಮ್ಮ ಪಡುವಣ ಕರಾವಳಿಗೆ ಬಂದರು.

ಡೆಲ್ಲಾ ವಲ್ಲೆ ಊರು ಬಿಟ್ಟದ್ದೂ ಪ್ರೀತಿಯ ದೆಸೆಯಿಂದಲೇ. ಮೆಚ್ಚಿದವಳು ಕೈತಪ್ಪಿ ಬದುಕು ಬೇಡವಾಗಿದ್ದಾಗ, ನೇಪಲ್ಸಿನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊ ಪೂರ್ವದೇಶಗಳ ಯಾತ್ರೆ ಮಾಡೆಂದು ಹೇಳಿದ. 1614ರ ಜೂನ್‌ನಲ್ಲಿ ವೆನಿಸ್‌ನಿಂದ ಹೊರಟವನು ಕಾನ್‌ಸ್ಟಾಂಟಿನೋಪಲ್, ಕೈರೋ, ಜೆರುಸಲೆಮ್ ಸುತ್ತಿ ಬಾಗ್ದಾದಿನ ದಾರಿ ಹಿಡಿದ. ಆ ದಾರಿಯಲ್ಲಿ ಜೊತೆಗಾರನೊಬ್ಬ ಮಾನಿ ಜೊಯೇರಿದಾ ಎಂಬ ಹುಡುಗಿಯ ಚೆಲುವನ್ನು ಬಣ್ಣಿಸಿದ್ದನ್ನು ಕೇಳಿಯೇ ಅವನು ಮನಸೋತ. ನಮ್ಮ ಅಜ್ಜಿಯರ ಕತೆಗಳಲ್ಲಿ ರಾಜಕುಮಾರರು ಹೀಗೆಯೇ ಮನಸೋಲುತ್ತಾರೆ! 1616ರಲ್ಲಿ ಮದುವೆಯಾಯಿತು. ಆಗ ಅವಳಿಗೆ ಹದಿನೆಂಟು. ಕುದುರೆ ಏರಿ ಗಂಡನೊಂದಿಗೆ ಪರ್ಷಿಯಾ ತಿರುಗಿದಳು. ಇಸ್ಫಹಾನಿನಲ್ಲಿ ತಿನಾತಿನ್ ಎಂಬ ಜಾರ್ಜಿಯಾದ ತಬ್ಬಲಿ ಹುಡುಗಿಯನ್ನು ಮಡಿಲಿಗೆ ಹಾಕಿಕೊಂಡಳು. 1621ರ ಕೊನೆಗೆ ಹಾರ್ಮುಜ್ ಹತ್ತಿರದ ಮಿನಾಬ್‌ನಲ್ಲಿ ಮಾನಿಗೆ ಗರ್ಭಪಾತವಾಗಿ, ಜ್ವರ ಬಿಡದೆ, ಡಿಸೆಂಬರ್ 30ರಂದು ತೀರಿಕೊಂಡಳು. ವಯಸ್ಸು ಇಪ್ಪತ್ತಮೂರು. ರೋಮಿನ ತನ್ನ ಮನೆತನದ ಸಮಾಧಿಯಲ್ಲೇ ಅವಳನ್ನು ಮಲಗಿಸಬೇಕೆಂದು ಗಂಡ ಹಟ ಹಿಡಿದ. ರೋಮಿಗೆ ಹೋಗುವ ದಾರಿ ಭಾರತವನ್ನು ಬಳಸಿಕೊಂಡು ಹೋಯಿತು.

ಈ ಪ್ರವಾಸಿ ಸ್ಕಿಪಾನೊಗೆ ಬರೆದ ಕಾಗದಗಳೇ ಮುಂದೆ ಪುಸ್ತಕವಾದವು. ಭಾರತದ ಭಾಗ ಅಚ್ಚಾದದ್ದು ಅವನು ಸತ್ತ ಮೇಲೆ, 1663ರಲ್ಲಿ. ಹಕ್ಲೂಯ್ಟ್ ಸೊಸೈಟಿ 1892ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಎರಡು ಸಂಪುಟಗಳಲ್ಲಿ ತಂದಿತು. ನಾನು ಓದಿದ್ದು ಇದನ್ನೇ. ನಾನು ಗೊಳಸಂಗಿಯವನು. ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರು ನಮ್ಮದು. ಕೃಷ್ಣೆ ಹತ್ತಿರವಿದ್ದಾಳೆ, ಕಡಲು ಬಲು ದೂರ. ಆದರೆ ನಮ್ಮ ನೆಲವಾಳಿದ ಆದಿಲಶಾಹಿಗಳಿಗೆ ಕಡಲು ಇತ್ತು. ಗೋವೆ ಅವರ ಕೈಯಲ್ಲಿತ್ತು. 1510ರಲ್ಲಿ ಅಲ್ಬುಕರ್ಕ್ ಅದನ್ನು ಕಿತ್ತುಕೊಂಡ. 1570–71ರಲ್ಲಿ ಒಂದನೇ ಅಲಿ ಆದಿಲಶಾಹ ಮುತ್ತಿಗೆ ಹಾಕಿದರೂ ಅದು ಮರಳಿ ಸಿಗಲಿಲ್ಲ. ಡೆಲ್ಲಾ ವಲ್ಲೆ ಬಂದಾಗ ಬಿಜಾಪುರದ ಗದ್ದುಗೆಯ ಮೇಲೆ ಎರಡನೇ ಇಬ್ರಾಹಿಂ ಆದಿಲಶಾಹ ಇದ್ದ. ನಮ್ಮ ಕಡೆಯ ಇತಿಹಾಸವೆಂದರೆ ಕೋಟೆ, ತೋಪು, ಗುಮ್ಮಟ ಎಂದು ಓದಿ ಬೆಳೆದ ನನಗೆ ಈ ಕಾಗದಗಳು ಬೇರೆ ಬಗೆಯ ಇತಿಹಾಸವಾಗಿ ಕಂಡವು. ಹೆಂಡತಿಯನ್ನು ಕಳೆದುಕೊಂಡವನೊಬ್ಬ ನಮ್ಮ ನಾಡಿನ ಗಂಡಹೆಂಡಿರನ್ನು ನೋಡಿ ಬರೆದಿಟ್ಟ ಲೆಕ್ಕವದು.

1623ರ ಏಪ್ರಿಲ್‌ನಲ್ಲಿ ಅವನು ಗೋವೆ ಸೇರಿದ. ಮದುವೆಯಾಗದ ಗಂಡಸಿನ ಮನೆಯಲ್ಲಿ ವಯಸ್ಸಿಗೆ ಬಂದ ಹುಡುಗಿ ಇರುವುದು ಸಲ್ಲದೆಂದು ಅಲ್ಲಿ ತಕರಾರು ಬಂತು. ತಿನಾತಿನ್‌ಳನ್ನು ಪೋರ್ಚುಗೀಸ್ ಮಹಿಳೆಯೊಬ್ಬಳ ಮನೆಯಲ್ಲಿ ಬಿಡಬೇಕಾಯಿತು. ಅಕ್ಟೋಬರ್‌ನಲ್ಲಿ ಅವನಿಗೆ ಕನ್ನಡ ನಾಡು ನೋಡುವ ಅವಕಾಶ ಸಿಕ್ಕಿತು. ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳಿಸುತ್ತಿದ್ದರು. ಮಾತುಕತೆ ಎರಡು ವಿಷಯದ ಮೇಲೆ: ಕರಿಮೆಣಸಿನ ವ್ಯಾಪಾರ, ಮಂಗಳೂರು ಕಡೆಯ ಬಂಗರ ಅರಸನ ತಂಟೆ. ವೆಂಕಟಪ್ಪನ ಪರವಾಗಿ ಗೋವೆಗೆ ಬಂದಿದ್ದ ವಿಠ್ಠಲ ಶೆಣೈ ಕೂಡ ಜೊತೆಗೆ ಹೊರಟಿದ್ದ. ಡೆಲ್ಲಾ ವಲ್ಲೆ ಈ ತಂಡ ಸೇರಿಕೊಂಡ. ಈ ಪಯಣದಲ್ಲಿ ಮಾನಿಯ ನೆನಪಷ್ಟೇ ಅವನ ಜೊತೆಗಿತ್ತೆಂದು ಇಟ್ಟುಕೊಂಡರೂ, ಆ ನೆನಪು ಹಗುರವೇನೂ ಆಗಿರಲಿಲ್ಲ.

ಹಡಗು ಮೊದಲು ನಿಂತದ್ದು ಪೋರ್ಚುಗೀಸರ ಕೋಟೆಯಿದ್ದ ಹೊನ್ನಾವರದಲ್ಲಿ. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ. ಎರಡೂ ದಡದ ಹಸಿರನ್ನು ಅವನು ಬಾಯಿತುಂಬ ಹೊಗಳುತ್ತಾನೆ. ಗೇರುಸೊಪ್ಪೆ ಮಾತ್ರ ಹಾಳುಬಿದ್ದಿತ್ತು. ಅರಮನೆಯ ಮೇಲೆ ಕಾಡು ಬೆಳೆದಿತ್ತು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ ಆಳಿದ ಊರು ಅದು. ಅವಳು ಪರದೇಶಿಯಾದ, ಕೀಳು ಹುಟ್ಟಿನ ಒಬ್ಬನಿಗೆ ಒಲಿದು ರಾಜ್ಯವನ್ನೇ ಅವನ ಕೈಗಿತ್ತಳು, ಅವನು ತಿರುಗಿಬಿದ್ದ, ಕೊನೆಗೆ ಎಲ್ಲವೂ ವೆಂಕಟಪ್ಪನ ಪಾಲಾಯಿತು ಎಂಬ ಕತೆಯನ್ನು ಅವನು ಬರೆದುಕೊಂಡ. ಇಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ಅವನು ಹೋಗುತ್ತಿದ್ದದ್ದು ಗೆದ್ದವನ ಆಸ್ಥಾನಕ್ಕೆ, ಗೆದ್ದವನ ದೂತನ ಜೊತೆಗೆ. ಅರಸ ಸೋತರೆ ದಂಡು ಸಾಲಲಿಲ್ಲ ಎನ್ನುತ್ತಾರೆ, ರಾಣಿ ಸೋತರೆ ನಡತೆ ಸರಿಯಿರಲಿಲ್ಲ ಎನ್ನುತ್ತಾರೆ. ಐವತ್ತು ವರ್ಷದಷ್ಟು ಕಾಲ ಮೆಣಸಿನ ವ್ಯಾಪಾರವನ್ನು ಹಿಡಿದು ಆಳಿದವಳ ಬಗ್ಗೆ ಉಳಿದ ಮಾತು ಇಷ್ಟೇ ಎಂಬುದನ್ನು ನೆನಪಿಟ್ಟುಕೊಂಡೇ ಈ ಪುಟವನ್ನು ಓದಬೇಕು.

ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಹೇಳುತ್ತಾನೆ, ಉಳಿದವರು ಹಾಗೆಯೇ ಹೇಳುತ್ತ ನೆಲಕ್ಕೆ ಹರಡಿದ ನುಣ್ಣನೆಯ ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತಾರೆ. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಾರೆ. ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ಮರೆಯುವುದಿಲ್ಲವಲ್ಲ ಎಂದರಂತೆ. ನಮ್ಮ ಊರ ಶಾಲೆಗಳ ಇತಿಹಾಸ ಬರೆಯುವವರು ಈ ಮರಳನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಅದು ತಕ್ಕದ್ದೇ.

ನವೆಂಬರ್ ಹೊತ್ತಿಗೆ ತಂಡ ಇಕ್ಕೇರಿಯಲ್ಲಿತ್ತು. ಈಗಿನ ಸಾಗರ ತಾಲೂಕಿನ ಇಕ್ಕೇರಿಯಲ್ಲಿ ನಮಗೆ ಕಾಣುವುದು ಅಘೋರೇಶ್ವರ ಗುಡಿ ಮತ್ತು ಸುತ್ತಲಿನ ಮೌನ. ಅವನು ಕಂಡದ್ದು ಜನ ತುಂಬಿದ ರಾಜಧಾನಿ, ಬೀದಿಯಲ್ಲಿ ಕೋಲಾಟವಾಡುವ ಹುಡುಗಿಯರು. ಅರಮನೆಯೊಳಗಿನ ಒಂದು ನೋವೂ ಅವನ ಕಿವಿಗೆ ಬಿತ್ತು. ವೆಂಕಟಪ್ಪ ಮುಸ್ಲಿಂ ಹೆಂಗಸೊಬ್ಬಳನ್ನು ಇಟ್ಟುಕೊಂಡಿದ್ದ. ಪಟ್ಟದ ರಾಣಿ ಭದ್ರಮ್ಮ ಆಚಾರವಂತ ಲಿಂಗಾಯತ ಹೆಂಗಸು. ವಿಷಯ ತಿಳಿದ ಮೇಲೆ ಅವಳು ಗಂಡನ ಮನೆ ಬಿಡಲಿಲ್ಲ, ಗಂಡನನ್ನು ಮಾತ್ರ ದೂರ ಇಟ್ಟಳು. ಹನ್ನೆರಡು ವರ್ಷ ಒಂದೇ ಅರಮನೆಯಲ್ಲಿದ್ದೂ ಅವನೊಡನೆ ಸಂಸಾರ ಮಾಡಲಿಲ್ಲ. ಆನಂದಪುರದ ಹತ್ತಿರದ ಚಂಪಕ ಸರಸಿಯ ಬಗ್ಗೆ ಜನ ಹೇಳುವ ಕತೆಯಲ್ಲೂ ವೆಂಕಟಪ್ಪ, ಅವನು ಒಲಿದ ಹುಡುಗಿ ಚಂಪಕಾ, ಮುನಿದ ರಾಣಿ ಇದ್ದಾರೆ. ಆ ಕೊಳ ಒಲಿದವಳ ಹೆಸರು ಹೇಳುತ್ತದೆ. ಮುನಿದವಳ ಹೆಸರು ಉಳಿದದ್ದು ಈ ಪರದೇಶಿಯ ಕಾಗದದಲ್ಲಿ.

ಇಕ್ಕೇರಿಯಲ್ಲೇ ಅವನು ಜಕ್ಕಮ್ಮನನ್ನು ಕಂಡ. ಕುದುರೆಯ ಮೇಲೆ ಕುಳಿತ ಹೆಂಗಸೊಬ್ಬಳು ಊರ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿ ನೋಡಿಕೊಳ್ಳುತ್ತ ಏನನ್ನೋ ಹಾಡಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡಿದ್ದ, ಅವಳು ಸತಿ ಹೋಗುವವಳಿದ್ದಳು. ಮುಂದೆ ಒಂದು ಸಂಜೆ ಡೆಲ್ಲಾ ವಲ್ಲೆ ದುಬಾಷಿಯನ್ನು ಕರೆದುಕೊಂಡು ಅವಳ ಮನೆಗೇ ಹೋದ. ಅಂಗಳದಲ್ಲಿ ಬಿಳಿ ಸೀರೆ ಉಟ್ಟು, ಹೂಮಾಲೆ ಹಾಕಿಕೊಂಡು, ನೆಂಟರ ನಡುವೆ ನಗುತ್ತ ಮಾತಾಡುತ್ತ ಕುಳಿತಿದ್ದಳು. ಪಕ್ಕದಲ್ಲಿ ತಮ್ಮಟೆ ಬಡಿಯುತ್ತಿತ್ತು. ಅವಳು ತೆಲುಗರವಳು, ಗಂಡ ತಮ್ಮಟೆ ಬಾರಿಸುವವನಾಗಿದ್ದ.

ಒತ್ತಾಯವೇನಾದರೂ ಇದೆಯೇ ಎಂದು ಅವನು ಕೇಳಿದ. ಇಲ್ಲ, ನನ್ನ ಮನಸ್ಸಿನಿಂದಲೇ ಹೋಗುತ್ತಿದ್ದೇನೆ ಎಂದಳು. ಚಿಕ್ಕ ಮಕ್ಕಳ ಗತಿಯೇನು ಎಂದ. ಗಂಡನಿಗೆ ಇನ್ನಿಬ್ಬರು ಹೆಂಡಿರಿದ್ದಾರೆ, ಅವರು ಸಾಕುತ್ತಾರೆ ಎಂದಳು. ಬೇಡವೆಂದು ಅವನು ತನಗೆ ತಿಳಿದಂತೆ ಹೇಳಿ ನೋಡಿದ. ಅವಳು ಕದಲಲಿಲ್ಲ. ಕೊನೆಗೆ ಅವನು ಒಂದು ಮಾತು ಕೊಟ್ಟ: ನಿನ್ನ ಹೆಸರು ಲೋಕದಲ್ಲಿ ಅಳಿಯದಂತೆ ಬರೆಯುತ್ತೇನೆ.

ಈ ಪುಟವನ್ನು ನಾನು ಹಲವು ಸಲ ಓದಿದ್ದೇನೆ, ಪ್ರತಿ ಸಲವೂ ಇರುಸುಮುರುಸಾಗುತ್ತದೆ. ಮಾತು ಕೊಟ್ಟಂತೆ ಅವನು ಬರೆದ, ಅವಳ ಮೇಲೆ ಸುನೀತಗಳನ್ನೂ ಕಟ್ಟಿದ. ಆದರೆ ಅವಳ ‘ಮನಸ್ಸಿನಿಂದಲೇ’ ಎಂಬ ಮಾತನ್ನು ನಾವು ಎಷ್ಟು ನಂಬಬೇಕು? ಮೆರವಣಿಗೆ ಮುಗಿದಿದೆ, ಊರೆಲ್ಲ ನೋಡಿದೆ, ಅಂಗಳದಲ್ಲಿ ವಾದ್ಯ ಮೊಳಗುತ್ತಿದೆ. ಆ ಸಂಜೆ ‘ಒಲ್ಲೆ’ ಎನ್ನಲು ಅವಳಿಗೆ ಜಾಗವೆಲ್ಲಿತ್ತು? ಉಳಿದ ಇಬ್ಬರು ಹೆಂಡಿರು ಒಲ್ಲೆ ಎಂದಿದ್ದರಲ್ಲ ಎಂದರೆ, ಅದೂ ನಿಜ. ಆದರೆ ಅವರ ಹೆಸರನ್ನು ಈ ಪ್ರವಾಸಿ ಬರೆಯಲಿಲ್ಲ. ಸಾಯುವವಳಿಗೆ ಸುನೀತ ಸಿಕ್ಕಿತು. ಮಕ್ಕಳನ್ನು ಸಾಕಲು ಉಳಿದವರಿಗೆ ಒಂದು ಸಾಲು.

ಆದರೂ ಅವನು ಅವಳ ಅಂಗಳಕ್ಕೆ ಹೋಗಿ ಕುಳಿತದ್ದೇಕೆ ಎಂಬುದು ನನಗೆ ಅರ್ಥವಾಗುತ್ತದೆ. ಪ್ರೀತಿಸಿದವರು ಸತ್ತಾಗ ಉಳಿದವರು ಏನು ಮಾಡಬೇಕು ಎಂಬುದು ಅವನದೇ ಪ್ರಶ್ನೆಯಾಗಿತ್ತು. ಅವನು ಹೆಂಡತಿಯ ದೇಹವನ್ನು ಹೊತ್ತುಕೊಂಡು ಬದುಕು ಮುಂದುವರಿಸಿದ್ದ. ಗಂಡಸಾದ್ದರಿಂದ ಅದು ಸಾಧ್ಯವಿತ್ತು. ಜಕ್ಕಮ್ಮನ ಮುಂದೆ ಅಂಥ ದಾರಿ ಇರಲಿಲ್ಲ. ಈ ವ್ಯತ್ಯಾಸವನ್ನು ಅವನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಓದುವ ನಮಗೆ ಕಾಣದೆ ಇರುವುದಿಲ್ಲ.

ಇಕ್ಕೇರಿಯಿಂದ ಘಟ್ಟ ಇಳಿದು ಬಸರೂರಿನ ಕಡೆಯಿಂದ ಅವನು ಮಂಗಳೂರಿಗೆ ಬಂದ. ಅಲ್ಲಿ ಅವನಿಗೆ ಇನ್ನೊಂದು ಬಗೆಯ ಹೆಂಡತಿ ಕಾಣಸಿಕ್ಕಳು. ಉಳ್ಳಾಲದ ಚೌಟ ಮನೆತನದ ರಾಣಿ, ಅವನು ಕೇಳಿ ಬರೆದುಕೊಂಡಂತೆ ‘ಅಬಗ ದೇವಿ ಚೌಟ್ರು’. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಆ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಆಗಿಹೋಗಿದ್ದಾರೆ. ಇವಳು 1623ರಲ್ಲಿ ಆಳುತ್ತಿದ್ದವಳು. ಮಣೇಲ್ ಹತ್ತಿರ ದಾರಿಯಲ್ಲೇ ಭೇಟಿಯಾಯಿತು. ಬರಿಗಾಲು, ಸೊಂಟಕ್ಕೆ ಸುತ್ತಿದ ಸಾದಾ ಬಟ್ಟೆ, ತಲೆಯ ಮೇಲೆ ಓಲೆಯ ಕೊಡೆ. ನೀರಿಗಾಗಿ ಕಾಲುವೆ ತೋಡಿಸುತ್ತಿದ್ದ ಕೆಲಸವನ್ನು ನೋಡಲು ಹೊರಟಿದ್ದಳು. ನೋಡಲು ಅಡಿಗೆಯವಳಂತೆ ಕಂಡರೂ ಮಾತಾಡತೊಡಗಿದ ಮೇಲೆ ವಿವೇಕದ ಅರಸಿ ಎಂಬುದು ತಿಳಿಯಿತು ಎಂದು ಅವನು ಬರೆಯುತ್ತಾನೆ. ಯಾವ ದೇಶ, ಈ ಕಾಡಿನಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಅವಳು ಕೇಳಿದಳು, ಉಳಿಯಲು ಮನೆ ಕೊಡಿಸಿದಳು.

ಅವಳ ಸಂಸಾರದ ಕತೆಯನ್ನೂ ಅವನು ವಿವರವಾಗಿ ಬರೆದಿದ್ದಾನೆ. ಗಂಡ ಬಂಗರ ಅರಸ. ಇಬ್ಬರಿಗೂ ಸರಿಹೋಗಲಿಲ್ಲ. ಅವಳು ಗಂಡ ಕೊಟ್ಟ ಒಡವೆಗಳನ್ನೆಲ್ಲ ಅವನಿಗೇ ವಾಪಸು ಕಳಿಸಿ ಸಂಬಂಧ ಹರಿದುಕೊಂಡಳು. ಜಗಳ ಯುದ್ಧವಾಯಿತು. ಅವನು ಪೋರ್ಚುಗೀಸರ ನೆರವು ಬೇಡಿದ, ಅವಳು ವೆಂಕಟಪ್ಪ ನಾಯಕನನ್ನು ಕರೆದಳು. ಬಂಗರ ಅರಸ ಸೋತು ಕಾಸರಗೋಡಿನ ಕಡೆಗೆ ಓಡಿದ. ಗೋವೆಯಿಂದ ಇಕ್ಕೇರಿಗೆ ರಾಯಭಾರಿ ಹೊರಟದ್ದರ ಹಿಂದೆ ಹೀಗೆ ಒಂದು ಮನೆಜಗಳವೂ ಇತ್ತು. ಗಂಡ ಸತ್ತರೆ ಬೆಂಕಿ, ಗಂಡ ಕೆಟ್ಟರೆ ಮೌನ ಎಂಬಂತಿದ್ದ ಕಾಲದಲ್ಲಿ, ಅದೇ ನಾಡಿನ ಇನ್ನೊಂದು ಮೂಲೆಯಲ್ಲಿ ಅಳಿಯಸಂತಾನದ ಹೆಣ್ಣೊಬ್ಬಳು ಒಡವೆ ಹಿಂದಿರುಗಿಸಿ ಕಾಲುವೆ ತೋಡಿಸುತ್ತಿದ್ದಳು. ಮನೆ, ನೆಲ ತಾಯಿಯಿಂದ ಬಂದದ್ದರಿಂದ ಅವಳ ಕಾಲಡಿಯಲ್ಲಿ ಮಣ್ಣಿತ್ತು. ಜಕ್ಕಮ್ಮನಿಗೂ ಅಬ್ಬಕ್ಕನಿಗೂ ಇದ್ದ ಅಂತರ ಧೈರ್ಯದ್ದು ಮಾತ್ರ ಎಂದು ಹೇಳಿದರೆ ಅರ್ಧ ಹೇಳಿದಂತೆ.

ಕದ್ರಿಯ ಜೋಗಿಗಳ ಅರಸನನ್ನು ಕಂಡು, ಮತ್ತೆ ಹಡಗು ಹತ್ತಿ ಕಣ್ಣೂರು, ಕಲ್ಲಿಕೋಟೆಗಳವರೆಗೆ ಹೋಗಿ ಅವನು ಗೋವೆಗೆ ಮರಳಿದ. 1624ರ ನವೆಂಬರ್‌ನಲ್ಲಿ ಪೆಟ್ಟಿಗೆ, ತಿನಾತಿನ್ ಇಬ್ಬರನ್ನೂ ಕರೆದುಕೊಂಡು ಗೋವೆ ಬಿಟ್ಟ. ಮಸ್ಕತ್, ಬಸ್ರಾ, ಅಲೆಪ್ಪೊ ದಾಟಿ 1626ರಲ್ಲಿ ರೋಮ್ ಮುಟ್ಟಿದ. ಮಾನಿಯನ್ನು ಅರಾಚೇಲಿ ಚರ್ಚಿನಲ್ಲಿ ಮನೆತನದ ಸಮಾಧಿಗೆ ಸೇರಿಸಿದ. 1627ರ ಮಾರ್ಚ್‌ನಲ್ಲಿ ನಡೆದ ದೊಡ್ಡ ಶ್ರದ್ಧಾಂಜಲಿಯಲ್ಲಿ ತಾನೇ ನಿಂತು ಮಾತಾಡಿದ. ಆಮೇಲೆ ತಿನಾತಿನ್‌ಳನ್ನು ಮದುವೆಯಾದ. ಹದಿನಾಲ್ಕು ಮಕ್ಕಳಾದರು.

ಅದೇ ವರ್ಷಗಳಲ್ಲಿ ನಮ್ಮ ವಿಜಯಪುರದಲ್ಲೂ ಒಂದು ಸಮಾಧಿಯ ಕೆಲಸ ಮುಗಿಯುತ್ತಿತ್ತು. ಎರಡನೇ ಇಬ್ರಾಹಿಮನ ಹೆಂಡತಿ ತಾಜ್ ಸುಲ್ತಾನಾಳಿಗಾಗಿ ಮಲಿಕ್ ಸಂದಲ್ ಕಟ್ಟಿಸುತ್ತಿದ್ದ ರೌಜಾ ಅದು. 1627ರಲ್ಲಿ ಇಬ್ರಾಹಿಮನೇ ಮೊದಲು ತೀರಿಕೊಂಡ. ಹೆಂಡತಿಗೆಂದು ಕಟ್ಟಿದ ಗೋರಿಯಲ್ಲಿ ಗಂಡ ಮಲಗಿದ, ಅವಳು ಆಮೇಲೆ ಬಂದು ಸೇರಿಕೊಂಡಳು. ನಾವು ಅದನ್ನು ಇಬ್ರಾಹಿಂ ರೌಜಾ ಎನ್ನುತ್ತೇವೆ. ಅವಳ ಹೆಸರು ಗೋಡೆಯ ಶಾಸನದಲ್ಲಿದೆ, ಓದಬಲ್ಲವರಿಗೆ ಮಾತ್ರ.

ಮಾನಿಗೆ ರೋಮಿನ ಕಲ್ಲು ಸಿಕ್ಕಿತು, ತಾಜ್ ಸುಲ್ತಾನಾಳಿಗೆ ನಮ್ಮ ಕರಿಗಲ್ಲು. ಇಕ್ಕೇರಿಯ ತಮ್ಮಟೆಯವನ ಹೆಂಡತಿಗೆ ಸಿಕ್ಕಿದ್ದು ಕಾಗದ. ಇಟಲಿಯವನ ಬಾಯಲ್ಲಿ ‘ಜಾಕ್ಕಮಾ’ ಆಗಿ ಹೋಗಿದ್ದ ಆ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆಯುವುದಾದರೂ ನಮ್ಮ ಪಾಲಿನ ಕೆಲಸ: ಜಕ್ಕಮ್ಮ.