ಮೆದುಳಿನ ಚಿತ್ರ ಮತ್ತು ಅದರ ಕಥನ: ಭಾವ, ನಿರ್ಧಾರ, ವ್ಯಸನಗಳ ಅಧ್ಯಯನ ಚರಿತ್ರೆಯ ಒಂದು ಅವಲೋಕನ

ಮನುಷ್ಯನ ಗುಣ, ಭಾವ ಮತ್ತು ಚಟಗಳು ದೇಹದ ಯಾವ ಭಾಗದಲ್ಲಿ ನೆಲೆಸಿವೆ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಕನ್ನಡದ ಆಡುಮಾತು ಮರುಕವನ್ನು ಕರುಳಿನಲ್ಲಿಯೂ, ಮತ್ಸರವನ್ನು ಹೊಟ್ಟೆಯಲ್ಲಿಯೂ, ಧೈರ್ಯವನ್ನು ಎದೆಯಲ್ಲಿಯೂ ಇರಿಸಿದೆ. ಪಾಶ್ಚಾತ್ಯ ವೈದ್ಯಶಾಸ್ತ್ರವು 19ನೆಯ ಶತಮಾನದಲ್ಲಿ ಇದಕ್ಕೆ ಉತ್ತರವನ್ನು ಮೆದುಳಿನ ನಿರ್ದಿಷ್ಟ ಭಾಗಗಳಲ್ಲಿ ಅರಸತೊಡಗಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಜೀವಂತ ಮೆದುಳಿನ ಚಟುವಟಿಕೆಯನ್ನು ಚಿತ್ರಿಸುವ ಯಂತ್ರಗಳು ಬಂದವು. ಈ ಚರಿತ್ರೆಯನ್ನು ಯಂತ್ರಗಳ ವಿಜಯಯಾತ್ರೆಯೆಂದು ಹೇಳುವುದು ವಾಡಿಕೆ. ಆದರೆ ಚಿತ್ರವು ತಾನಾಗಿಯೇ ಮಾತನಾಡುವುದಿಲ್ಲ. ಪ್ರತಿಯೊಂದು ಚಿತ್ರದ ಜೊತೆಗೂ ಒಂದು ಕಥನವಿರುತ್ತದೆ. ಆ ಕಥನ ರೂಪುಗೊಂಡ ಬಗೆ ಯಾವುದು, ವ್ಯಸನಿಯನ್ನು ಸಮಾಜ ನೋಡುವ ದೃಷ್ಟಿಯನ್ನು ಅದು ಹೇಗೆ ಬದಲಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರಿತ್ರೆಯ ಆದಿಕಥೆ ಅಮೆರಿಕದ ವರ್ಮಾಂಟ್ ರಾಜ್ಯದ್ದು. 1848ರ ಸೆಪ್ಟೆಂಬರ್ 13ರಂದು ಕ್ಯಾವೆಂಡಿಶ್ ಎಂಬ ಊರಿನ ಬಳಿ ರೈಲುಮಾರ್ಗಕ್ಕಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಅಲ್ಲಿ 25 ವರ್ಷದ ಮೇಸ್ತ್ರಿ ಫಿನಿಯಸ್ ಗೇಜ್ ಕುಳಿಗೆ ಮದ್ದು ಜಡಿಯುತ್ತಿದ್ದಾಗ ಅದು ಅಕಾಲದಲ್ಲಿ ಸಿಡಿಯಿತು. ಸುಮಾರು ಆರು ಕಿಲೋ ತೂಕದ, ಮೂರೂವರೆ ಅಡಿಗಿಂತ ತುಸು ಉದ್ದದ ಕಬ್ಬಿಣದ ಹಾರೆ ಆತನ ಎಡಗೆನ್ನೆಯ ಮೂಲಕ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಗೇಜ್ ಸಾಯಲಿಲ್ಲ. ಚಿಕಿತ್ಸೆ ನೀಡಿದ ವೈದ್ಯ ಜಾನ್ ಹಾರ್ಲೊ 1868ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗೇಜ್‌ನ ಬುದ್ಧಿ ಉಳಿದರೂ ಸ್ವಭಾವ ಬದಲಾಯಿತೆಂದೂ, ಸಂಯಮವಿದ್ದವನು ಚಂಚಲನೂ ಒರಟನೂ ಆದನೆಂದೂ ದಾಖಲಿಸಿದ. ಹುಟ್ಟುಗುಣ ಸುಟ್ಟರೂ ಹೋಗದೆಂಬ ನಂಬಿಕೆಗೆ ಇದು ದೊಡ್ಡ ಸವಾಲಾಗಿತ್ತು.

ಮುಂದೆ ಈ ಪ್ರಕರಣವು ಐತಿಹ್ಯದ ಲಕ್ಷಣಗಳನ್ನೆಲ್ಲ ಪಡೆಯಿತು. ಗೇಜ್ ಕುಡುಕನಾದ, ಅಲೆಮಾರಿಯಾದ, ಯಾವ ಕೆಲಸಕ್ಕೂ ಒದಗದವನಾದ ಎಂಬ ವಿವರಗಳು ಪಠ್ಯಪುಸ್ತಕಗಳಲ್ಲಿ ಒಂದೊಂದಾಗಿ ಸೇರಿಕೊಂಡವು. ಆಕರಗಳನ್ನು ಮೂಲದಿಂದ ಶೋಧಿಸಿದ ಮಾಲ್ಕಮ್ ಮ್ಯಾಕ್‌ಮಿಲನ್ 2000ದಲ್ಲಿ ಪ್ರಕಟಿಸಿದ ಗ್ರಂಥವು ಇವುಗಳಲ್ಲಿ ಹಲವಕ್ಕೆ ಆಧಾರವಿಲ್ಲವೆಂದು ತೋರಿಸಿತು. ಗೇಜ್ 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಅಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ್ದ. ದಾರಿ, ಕುದುರೆ, ಪ್ರಯಾಣಿಕರು ಎಲ್ಲವನ್ನೂ ಸಂಭಾಳಿಸಬೇಕಾದ ಈ ಕೆಲಸವು ಆತ ಬಹುಮಟ್ಟಿಗೆ ಚೇತರಿಸಿಕೊಂಡಿರಬಹುದೆಂಬುದಕ್ಕೆ ಸಾಕ್ಷಿ. ಆತ 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ಆಗ ಮೆದುಳನ್ನು ಯಾರೂ ಪರೀಕ್ಷಿಸಲಿಲ್ಲ. ತಲೆಬುರುಡೆ ಮಾತ್ರ ಮುಂದೆ ಹಾರ್ವರ್ಡ್‌ನ ಸಂಗ್ರಹಾಲಯವನ್ನು ಸೇರಿತು.

ಆ ಬುರುಡೆಯನ್ನು ಆಧರಿಸಿ 1994ರಲ್ಲಿ ಹ್ಯಾನಾ ಡಮಾಸಿಯೊ ಮತ್ತು ಸಂಗಡಿಗರು ಗಣಕಯಂತ್ರದ ನೆರವಿನಿಂದ ಗಾಯದ ಚಿತ್ರವನ್ನು ಪುನರ್ರಚಿಸಿ, ಮುಂಭಾಗದ ಎರಡೂ ಪಾರ್ಶ್ವಗಳು ಹಾನಿಗೊಂಡಿದ್ದವೆಂದರು. 2004ರ ಮತ್ತೊಂದು ಪುನರ್ರಚನೆಯು ಹಾನಿಯನ್ನು ಎಡಪಾರ್ಶ್ವಕ್ಕೆ ಸೀಮಿತಗೊಳಿಸಿತು. 2012ರ ಅಧ್ಯಯನವು ಮೆದುಳಿನ ಭಾಗಗಳನ್ನು ಜೋಡಿಸುವ ನಾರುಗಳ ನಷ್ಟವೇ ಹೆಚ್ಚು ಮುಖ್ಯವೆಂದಿತು. ಕಥೆಗೆ ಪಾಠಾಂತರಗಳಿರುವಂತೆ ಚಿತ್ರಕ್ಕೂ ಪಾಠಾಂತರಗಳಿವೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಗೇಜ್‌ನ ಚಿತ್ರ ಸತ್ತವನ ಬುರುಡೆಯಿಂದ ಊಹಿಸಿದ್ದು. ಬದುಕಿರುವವರ ಮೆದುಳನ್ನು ಕಾಣಲು ಎರಡು ತಂತ್ರಗಳು ನೆರವಾದವು. 1970ರ ದಶಕದಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪೆಟ್ ತಂತ್ರದಲ್ಲಿ ವಿಕಿರಣಶೀಲ ದ್ರವ್ಯವನ್ನು ಅಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸಿ ಅದರ ಚಲನೆಯನ್ನು ಗುರುತಿಸಲಾಗುತ್ತದೆ. 1990ರಲ್ಲಿ ಸೆಜಿ ಒಗಾವಾ ರಕ್ತದ ಆಮ್ಲಜನಕದ ಏರಿಳಿತವನ್ನು ಕಾಂತಕ್ಷೇತ್ರದಿಂದ ಗ್ರಹಿಸಬಹುದೆಂದು ತೋರಿಸಿದರು. ಇದರಿಂದ ಕ್ರಿಯಾತ್ಮಕ ಎಂ.ಆರ್.ಐ. ಹುಟ್ಟಿತು. ಈ ಯಂತ್ರವು ಆಲೋಚನೆಯನ್ನಾಗಲಿ ಭಾವವನ್ನಾಗಲಿ ನೇರವಾಗಿ ಕಾಣುವುದಿಲ್ಲ; ನರಕೋಶಗಳ ಕೆಲಸದ ಬೆನ್ನಿಗೆ ಕೆಲವು ಸೆಕೆಂಡು ತಡವಾಗಿ ಬದಲಾಗುವ ರಕ್ತದ ಹರಿವನ್ನು ಕಾಣುತ್ತದೆ. ಚಿತ್ರದಲ್ಲಿ ಹೊಳೆಯುವ ಕೆಂಪು, ಹಳದಿ ಬಣ್ಣಗಳು ಸಂಶೋಧಕರು ಅಂಕಿಅಂಶಗಳಿಗೆ ಹಚ್ಚಿದ ಬಣ್ಣಗಳೇ ಹೊರತು ಮೆದುಳಿನ ಬಣ್ಣಗಳಲ್ಲ.

ನಿರ್ಧಾರದಲ್ಲಿ ಭಾವದ ಪಾತ್ರವೇನೆಂಬ ಪ್ರಶ್ನೆಯನ್ನು ಅಯೋವಾ ವಿಶ್ವವಿದ್ಯಾಲಯದ ತಂಡವು 1994ರಲ್ಲಿ ಇಸ್ಪೀಟಿನಾಟದಂಥ ಪರೀಕ್ಷೆಯಿಂದ ಎದುರಿಸಿತು. ಎಲೆಗಳ ನಾಲ್ಕು ಕಟ್ಟುಗಳಲ್ಲಿ ಎರಡು ಹೆಚ್ಚು ಲಾಭ ತೋರಿಸಿ ಕೊನೆಗೆ ಮುಳುಗಿಸುವಂಥವು. ಉಳಿದೆರಡು ಕಡಿಮೆ ಲಾಭದವಾದರೂ ಕೈಹಿಡಿಯುವಂಥವು. ಆರೋಗ್ಯವಂತರು ಕ್ರಮೇಣ ಎರಡನೆಯ ಬಗೆಗೆ ಹೊರಳಿದರು. ಮೆದುಳಿನ ಮುಂಭಾಗದ ಕೆಳಮಧ್ಯಪ್ರದೇಶಕ್ಕೆ ಪೆಟ್ಟಾದವರು ನಷ್ಟದ ಕಟ್ಟುಗಳನ್ನೇ ಎತ್ತುತ್ತ ಹೋದರು. 1997ರ ಪ್ರಯೋಗದಲ್ಲಿ, ಅಪಾಯದ ಕಟ್ಟಿನತ್ತ ಕೈ ಚಾಚುವ ಮುನ್ನವೇ ಆರೋಗ್ಯವಂತರ ಅಂಗೈ ಬೆವರುವುದನ್ನು ಅಳೆಯಲಾಯಿತು. ಬುದ್ಧಿಗಿಂತ ಮೊದಲು ದೇಹ ಎಚ್ಚರಿಸುತ್ತದೆ ಎಂಬುದು ತಂಡದ ವಾದ. ಎದೆ ಝಲ್ಲೆಂದಿತು, ಕರುಳು ಚುರುಕ್ಕೆಂದಿತು ಎನ್ನುವ ಭಾಷಿಕರಿಗೆ ಇದು ಅಪರಿಚಿತವಲ್ಲ. ಆದರೆ ನುಡಿಗಟ್ಟು ಪ್ರಯೋಗಕ್ಕೆ ಪುರಾವೆಯಾಗಲಾರದು. ಆಟಗಾರರಿಗೆ ಯಾವುದು ಒಳ್ಳೆಯ ಕಟ್ಟೆಂಬ ಅರಿವು ಭಾವಿಸಿದ್ದಕ್ಕಿಂತ ಮೊದಲೇ ಇರುತ್ತದೆಂದು 2004ರಲ್ಲಿ ಮಾಯಿಯಾ ಮತ್ತು ಮೆಕ್‌ಕ್ಲೆಲಂಡ್ ತೋರಿಸಿದ ಮೇಲೆ ಆ ವಾದವೂ ಚರ್ಚೆಗೊಳಗಾಯಿತು.

ವ್ಯಸನದ ಅಧ್ಯಯನದಲ್ಲಿ ಕಥನದ ಪರಿಣಾಮ ಇನ್ನೂ ಗಾಢವಾದುದು. 1954ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್, ಮೆದುಳಿನ ಕೆಲವೆಡೆ ವಿದ್ಯುತ್ ಸ್ಪರ್ಶ ಪಡೆಯಲು ಇಲಿಗಳು ಸನ್ನೆಯನ್ನು ಮತ್ತೆ ಮತ್ತೆ ಒತ್ತುವುದನ್ನು ಕಂಡರು. ಅಲ್ಲಿಂದ ‘ಸುಖಕೇಂದ್ರ’ ಎಂಬ ಮಾತು ಹಬ್ಬಿತು. ಆದರೆ ಬಯಸುವುದೂ ಸುಖಿಸುವುದೂ ಬೇರೆ ಬೇರೆ, ಡೋಪಮಿನ್ ಮುಖ್ಯವಾಗಿ ಬಯಕೆಯನ್ನು ಹೊಮ್ಮಿಸುತ್ತದೆ ಎಂದು 1993ರಲ್ಲಿ ರಾಬಿನ್‌ಸನ್ ಮತ್ತು ಬೆರಿಡ್ಜ್ ಪ್ರತಿಪಾದಿಸಿದರು. ಸುಖ ಕೊಡದಿದ್ದರೂ ಬಿಡದಿರುವ ಚಟವನ್ನು ಈ ವಿವೇಚನೆ ಹೆಚ್ಚು ಚೆನ್ನಾಗಿ ವಿವರಿಸುತ್ತದೆ. ಇದೇ ಅವಧಿಯಲ್ಲಿ ನೋರಾ ವೋಲ್ಕೊವ್ ಪೆಟ್ ಚಿತ್ರಗಳ ಮೂಲಕ ಕೊಕೇನ್ ವ್ಯಸನಿಗಳಲ್ಲಿ ಡೋಪಮಿನ್ ಗ್ರಾಹಕಗಳು ಕಡಿಮೆಯಿರುವುದನ್ನು ತೋರಿಸಿದರು. 1997ರಲ್ಲಿ ಅಮೆರಿಕದ ಮಾದಕವ್ಯಸನ ಸಂಸ್ಥೆಯ ಅಂದಿನ ನಿರ್ದೇಶಕ ಅಲನ್ ಲೆಶ್ನರ್ ವ್ಯಸನವು ಮೆದುಳಿನ ರೋಗವೆಂದು ಸಾರಿದರು. 2003ರಲ್ಲಿ ವೋಲ್ಕೊವ್ ಅದೇ ಸ್ಥಾನಕ್ಕೆ ಬಂದರು. ಪಾಪಿಯೆನಿಸಿಕೊಂಡಿದ್ದವನು ರೋಗಿಯಾದ. ಕುಟುಂಬಗಳ ಅಪಮಾನವನ್ನು ತಗ್ಗಿಸಲು, ಚಿಕಿತ್ಸೆಯ ಬಾಗಿಲು ತೆರೆಯಲು ಇದು ನೆರವಾಯಿತು ಎಂಬುದು ಕಡೆಗಣಿಸುವ ಸಂಗತಿಯಲ್ಲ.

ಆದರೆ ಕೆಟ್ಟುಹೋದ ಮೆದುಳು ಎಂಬ ಹೊಸ ಹಣೆಪಟ್ಟಿಯೂ ಇದರೊಂದಿಗೆ ಬಂದಿತು. ಸಂಶೋಧನೆಯ ದಾಖಲೆಗಳೇ ಇದನ್ನು ಸಮರ್ಥಿಸುವುದಿಲ್ಲ. ವಿಯೆಟ್ನಾಂನಲ್ಲಿ ಸುಮಾರು ಐವರಲ್ಲಿ ಒಬ್ಬ ಅಮೆರಿಕನ್ ಸೈನಿಕ ಹೆರಾಯಿನ್‌ನಂಥ ಮಾದಕಗಳಿಗೆ ದಾಸನಾಗಿದ್ದ. 1971ರಲ್ಲಿ ಮರಳಿದವರನ್ನು ಅಧ್ಯಯನ ಮಾಡಿದ ಲೀ ರಾಬಿನ್ಸ್ ಪ್ರಕಾರ, ಹೀಗೆ ದಾಸರಾಗಿದ್ದವರಲ್ಲಿ ಮೂರು ವರ್ಷಗಳೊಳಗೆ ಅಲ್ಪಕಾಲಕ್ಕಾದರೂ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 12ರಷ್ಟು ಮಾತ್ರ. ಊರು, ಒಡನಾಟ, ಸಂದರ್ಭಗಳು ಬದಲಾದಾಗ ಚಟವೂ ಬದಲಾಗಿತ್ತು. ಪೆಟ್ ತಂತ್ರ ಬೆಳೆದ ವಿಶ್ವವಿದ್ಯಾಲಯದಲ್ಲಿಯೇ, ಅದೇ ದಶಕದಲ್ಲಿ ಈ ಅಧ್ಯಯನ ನಡೆಯಿತೆಂಬುದು ಗಮನಾರ್ಹ. 2001ರಲ್ಲಿ ವೋಲ್ಕೊವ್ ತಂಡವು, ಮೆಥಾಂಫೆಟಮಿನ್ ತ್ಯಜಿಸಿದ ಐವರನ್ನು ವರ್ಷಕ್ಕೂ ಮೀರಿದ ಸಂಯಮದ ಬಳಿಕ ಮತ್ತೆ ಚಿತ್ರಿಸಿದಾಗ ಡೋಪಮಿನ್ ವ್ಯವಸ್ಥೆಯ ಒಂದು ಅಂಶ ಚೇತರಿಸಿದ್ದು ಕಂಡಿತು. ಆದರೆ ಅವರ ಚಲನೆ, ನೆನಪುಗಳ ಪರೀಕ್ಷೆಯಲ್ಲಿ ಅಷ್ಟೇ ಪ್ರಮಾಣದ ಸುಧಾರಣೆ ಕಾಣಲಿಲ್ಲ. 2007ರ ಅಧ್ಯಯನವೊಂದರಲ್ಲಿ, ದೇಹದ ಒಳಸಂವೇದನೆಗೆ ಸಂಬಂಧಿಸಿದ ಇನ್ಸುಲಾ ಭಾಗಕ್ಕೆ ಪೆಟ್ಟಾದ ಬಳಿಕ ಧೂಮಪಾನ ಬಿಟ್ಟ 13 ಜನರಲ್ಲಿ 12 ಮಂದಿ ಅದನ್ನು ಸಲೀಸಾಗಿ, ಹಂಬಲವೂ ಇಲ್ಲದಂತೆ ಬಿಟ್ಟಿದ್ದರು. ಮೆದುಳು ಮುಖ್ಯ, ಅದೊಂದೇ ಮುಖ್ಯವಲ್ಲ.

ಚಿತ್ರಗಳ ವಿಶ್ವಾಸಾರ್ಹತೆಯೂ ಪರೀಕ್ಷೆಗೊಳಗಾಗಿದೆ. ಅಮಿಗ್ಡಲ ಬೆಳಗಿತೆಂದ ಮಾತ್ರಕ್ಕೆ ಭಯವಿದೆ ಎನ್ನಲಾಗದು, ಏಕೆಂದರೆ ಅದೇ ಭಾಗ ಅನೇಕ ಕೆಲಸಗಳಲ್ಲಿ ತೊಡಗುತ್ತದೆ. 2006ರಲ್ಲಿ ರಸೆಲ್ ಪೋಲ್‌ಡ್ರ್ಯಾಕ್ ಈ ಬಗೆಯ ಹಿಮ್ಮುಖ ಊಹೆಯನ್ನು ವಿಮರ್ಶಿಸಿದರು. 2016ರಲ್ಲಿ ಎಕ್ಲುಂಡ್ ಮತ್ತು ಸಂಗಡಿಗರು, ಪ್ರಚಲಿತವಿದ್ದ ಲೆಕ್ಕಾಚಾರದ ತಂತ್ರಾಂಶಗಳು ಶೇ. 5ಕ್ಕೆ ಮೀರಬಾರದ ಸುಳ್ಳು ಫಲಿತಾಂಶವನ್ನು ಕೆಲವು ಸಂದರ್ಭಗಳಲ್ಲಿ ಶೇ. 70ರವರೆಗೂ ನೀಡಬಲ್ಲವೆಂದು ತೋರಿಸಿದರು. ಕ್ಷೇತ್ರವು ತನ್ನ ತಪ್ಪನ್ನು ತಾನೇ ಹುಡುಕಿದ್ದು ಅದರ ಘನತೆಯೇ ಸರಿ.

ಜೈನ ಪರಂಪರೆಯ ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜು ಮತ್ತು ಮದ್ಯಪಾನ ಒಟ್ಟಿಗಿವೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿ ಜೂಜನ್ನು ಮಾದಕವ್ಯಸನದ ಪಕ್ಕಕ್ಕೆ ತಂದದ್ದು 2013ರಲ್ಲಿ. ಎರಡಕ್ಕೂ ಮೆದುಳಿನಲ್ಲಿ ಸಾಮ್ಯವಿದೆಯೆಂಬ ಸಂಶೋಧನೆಗಳು ಅದಕ್ಕೆ ಒಂದು ಕಾರಣ. ಹಳೆಯ ಪಟ್ಟಿ ನೀತಿಯದು, ಹೊಸದು ಚಿಕಿತ್ಸೆಯದು; ಎರಡನ್ನೂ ಒಂದೇ ಎನ್ನುವುದು ಅವಸರದ ತೀರ್ಮಾನವಾದೀತು. ಆದರೆ ಕನ್ನಡದಲ್ಲಿ ವ್ಯಸನ ಎಂಬ ಪದಕ್ಕೆ ಚಟವೆಂಬಂತೆ ದುಃಖವೆಂಬ ಅರ್ಥವೂ ಇದೆ. ಯಂತ್ರವು ಕಾಣಿಸುವ ರಕ್ತದ ಹರಿವಿನಲ್ಲಿ ಈ ಎರಡನೆಯ ಅರ್ಥ ಕಾಣಿಸದು. ಅದನ್ನು ವ್ಯಸನಿಯ ಬಾಯಿಂದಲೇ ಕೇಳಬೇಕು. ಮೆದುಳಿನ ಚಿತ್ರವನ್ನು ತೀರ್ಪೆಂದು ಸ್ವೀಕರಿಸದೆ, ಹಲವು ಸಾಕ್ಷಿಗಳಲ್ಲಿ ಒಂದೆಂದು ಪರಿಗಣಿಸುವುದು ಸಂಶೋಧಕರಿಗೂ ಸಮಾಜಕ್ಕೂ ಕ್ಷೇಮಕರ. ದಂತಕಥೆಯ ಗೇಜ್ ಹಾಳಾಗಿ ಹೋದ. ದಾಖಲೆಯ ಗೇಜ್ ಚಿಲಿಯಲ್ಲಿ ಗಾಡಿ ಓಡಿಸಿ ಬದುಕಿದ. ಈ ಚರಿತ್ರೆಯಿಂದ ಕಲಿಯಬೇಕಾದ ಮೊದಲ ಪಾಠ ಇದೇ ಆಗಿದೆ.