ಕಮಲಾದೇವಿ ಮತ್ತು ಹರೀನ್: ಮುರಿದ ಮದುವೆ, ಮುರಿಯದ ಹೆಣ್ಣುಮಗಳು

ಪವಾಯಿ, ಐರೋಲಿ ಕಡೆಯ ಆಫೀಸುಗಳಲ್ಲಿರೋ ನಮ್ಮ ಹುಡುಗಿಯರು ಬೇರೆ ಭಾಷೆಯ ಹುಡುಗನನ್ನ ಮೆಚ್ಚಿದ್ದೀವಿ ಅಂತ ಊರಿಗೆ ಫೋನ್ ಮಾಡಿದ್ರೆ ಬರೋ ಮೊದಲ ಪ್ರಶ್ನೆ ಗೊತ್ತಲ್ಲ: "ಹೊರಗಿನವನು, ನಾಳೆ ಕೈಬಿಟ್ರೆ ಏನ್ ಮಾಡ್ತೀಯ?" ಇವತ್ತಿನ ಕಥೆಯಲ್ಲಿ ಆ ಭಯ ನಿಜವೇ ಆಯ್ತು. ಆಮೇಲೆ ಏನಾಯ್ತು ಅಂತ ನೋಡೋಣ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿನ ಬೆಲೆ ಬಲ್ಲವರು. ಆದರೂ ಕಟ್ಟುಪಾಡು ಬಿಡಲಿಲ್ಲ. ಮಗಳಿಗೆ ಚಿಕ್ಕ ವಯಸ್ಸಲ್ಲೇ ಮದುವೆ ಆಯ್ತು, ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡ.

ಬಾಲವಿಧವೆ ಅಂದ್ರೆ ಮನೆಯ ಮೂಲೆ ಅನ್ನೋ ಕಾಲ ಅದು. ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನು ಬಂದಿತ್ತು, ಆದ್ರೆ ಜಾತಿಯವರು ಒಪ್ಪಬೇಕಲ್ಲ? ಕಮಲಾದೇವಿ ಮೂಲೆ ಹಿಡಿಯಲಿಲ್ಲ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದೋಕೆ ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಗೆಳತಿಯಾದರು. ಆ ಗೆಳೆತನದ ಮೂಲಕ ಪರಿಚಯವಾದವರು ಅವರ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯ. ಹೈದರಾಬಾದಿನಲ್ಲಿ ಬೆಳೆದ ಬಂಗಾಳಿ; ಕವಿ, ನಟ, ಹಾಡುಗಾರ.

ಇಬ್ಬರಿಗೂ ನಾಟಕದ ಹುಚ್ಚು. ಮದುವೆಯಾದರು. ವಿಧವೆ, ಅದೂ ಜಾತಿ–ಭಾಷೆ ಎರಡನ್ನೂ ದಾಟಿ! ನೆಂಟರು ಕೆಂಡವಾದರು. ಮಗ ರಾಮ ಹುಟ್ಟಿದ, ಲಂಡನ್ ವಾಸವೂ ಆಯ್ತು. ಆದ್ರೆ ಹರೀನ್‌ಗೆ ಮನೆ–ಸಂಸಾರದಲ್ಲಿ ಮನಸ್ಸು ನಿಲ್ಲಲಿಲ್ಲ. ಬೇರೆ ಹೆಂಗಸರ ಜೊತೆಗಿನ ಸಂಬಂಧಗಳೂ ಇಬ್ಬರ ನಡುವೆ ಬಂದವು.

ಈ ಹೊತ್ತಿಗೆ ಕಮಲಾದೇವಿ ಸಾರ್ವಜನಿಕ ಬದುಕಿಗೆ ಇಳಿದಾಗಿತ್ತು. ನಮ್ಮ ಮುಂಬೈ ಬರೋದು ಇಲ್ಲೇ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಬೇಕು ಅಂತ ಗಾಂಧೀಜಿ ಹತ್ರ ವಾದ ಮಾಡಿ ಒಪ್ಪಿಸಿದರು. ಇಲ್ಲಿನ ಕಡಲ ತೀರದಲ್ಲಿ ಉಪ್ಪು ತಯಾರಿಸಿದರು. ಆ ಪೊಟ್ಟಣಗಳನ್ನ ಮಾರೋಕೆ ನೇರ ಸ್ಟಾಕ್ ಎಕ್ಸ್‌ಚೇಂಜಿಗೇ ನುಗ್ಗಿದರು! ಬಂಧನವಾಯ್ತು, ತಿಂಗಳುಗಟ್ಟಲೆ ಜೈಲು.

ಕೊನೆಗೆ 1930ರ ದಶಕದಲ್ಲಿ ಅವರೇ ವಿಚ್ಛೇದನಕ್ಕಾಗಿ ಕೋರ್ಟಿಗೆ ಹೋದರು. ಇದರ ತೂಕ ಗೊತ್ತಾಗಬೇಕಾದ್ರೆ ಇಸವಿಗಳನ್ನ ನೋಡಿ. ಬಾಂಬೆ ಪ್ರಾಂತ್ಯದಲ್ಲಿ ಹಿಂದೂ ವಿಚ್ಛೇದನ ಕಾಯಿದೆ ಬಂದದ್ದು 1947ರಲ್ಲಿ. ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ, ಒಪ್ಪಿಗೆ ಇಲ್ಲದೆ ಕಟ್ಟಿಕೊಂಡ ಮದುವೆಯಿಂದ ಈಕೆ ಎಲ್ಲರ ಎದುರೇ ಹೊರಬಂದರು.

"ನಾವು ಮೊದಲೇ ಹೇಳಿದ್ವಿ" ಅಂದವರು ಇದ್ದೇ ಇರ್ತಾರೆ. ಆದ್ರೆ ಯೋಚನೆ ಮಾಡಿ: ಹಿರಿಯರು ನೋಡಿ ಮಾಡಿದ ಮೊದಲ ಮದುವೆ ಆಕೆಗೆ ಕೊಟ್ಟಿದ್ದು ವೈಧವ್ಯ. ತಾನೇ ಆರಿಸಿದ ಎರಡನೇದು ಕೊಟ್ಟಿದ್ದು ನೋವು. ಆಕೆಯನ್ನ ಕಾಪಾಡಿದ್ದು ಈ ಎರಡೂ ಅಲ್ಲ. ಓದು, ದುಡಿಮೆ, ಸ್ವಂತ ಕಾಲು. ದೇಶ ವಿಭಜನೆ ಆದಾಗ ನಿರಾಶ್ರಿತರಿಗಾಗಿ ಫರೀದಾಬಾದ್ ಕಟ್ಟೋದ್ರಲ್ಲಿ ದುಡಿದರು. ಆಮೇಲೆ ಅಖಿಲ ಭಾರತ ಕರಕುಶಲ ಮಂಡಳಿ ನಡೆಸಿದರು, ನೇಕಾರರಿಗೂ ಕುಶಲಕರ್ಮಿಗಳಿಗೂ ದಾರಿ ಮಾಡಿಕೊಟ್ಟರು. 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಚಟ್ಟೋಪಾಧ್ಯಾಯ ಅನ್ನೋ ಹೆಸರನ್ನ ಮಾತ್ರ ಕೊನೆವರೆಗೂ ಇಟ್ಟುಕೊಂಡರು.

ಹರೀನ್ 1952ರಲ್ಲಿ ವಿಜಯವಾಡದಿಂದ ಲೋಕಸಭೆಗೆ ಗೆದ್ದರು, ಹಿಂದಿ ಸಿನಿಮಾಗಳಲ್ಲಿ ನಟಿಸಿದರು. 'ಆಶೀರ್ವಾದ್' ಚಿತ್ರದಲ್ಲಿ ಅಶೋಕ್ ಕುಮಾರ್ ಹಾಡೋ ರೈಲುಗಾಡಿ ಹಾಡು ಕೇಳಿದ್ದೀರಲ್ಲ? ಅದನ್ನ ಬರೆದದ್ದು ಇವರೇ.

ಕಮಲಾದೇವಿ 1988ರಲ್ಲಿ ತೀರಿಕೊಂಡರು, ಹರೀನ್ 1990ರಲ್ಲಿ. ಇಬ್ಬರ ಕೊನೆಯೂ ಮುಂಬೈಯಲ್ಲೇ ಆಯ್ತು. "ಕೈಬಿಟ್ರೆ?" ಅಂತ ಮನೆಯಲ್ಲಿ ಕೇಳಿದ್ರೆ ಕೋಪ ಮಾಡ್ಕೋಬೇಡಿ, ಪ್ರಶ್ನೆ ಸರಿಯಾದದ್ದೇ. ಬೇಕಾದ್ರೆ ಕಮಲಾದೇವಿ ಕಥೆ ಹೇಳಿ. ಮುಂದಿನ ವಾರ ಸಿಗೋಣ.